ಶ್ರಾವಣದ ಕ್ರಿಸ್‌ಮಸ್

ನಮ್ಮ ಮನೆಯಲ್ಲಿ ಆಗಸ್ಟ್ ತಿಂಗಳಲ್ಲಿ ನಡೆದ ಕ್ರಿಸ್‌ಮಸ್ಸಿನ ಕಥೆಯನ್ನು ಅಪ್ಪ ತುಂಬ ಚೆನ್ನಾಗಿ ಹೇಳುತ್ತಾನೆ. ಮನೆಗೊಂದು ಅಡಿಗೆ ತಂದು ಒಟ್ಟಿಗೆ ಉಣ್ಣುವ ಕನ್ನಡದವರ ಯಾವ ಪಾಟ್‌ಲಕ್ಕಿಗೆ ಹೋದರೂ ಮೊಸರನ್ನದ ಹೊತ್ತಿಗೆ ಅದು ಬಂದೇ ಬರುತ್ತದೆ. ಹುಬ್ಬಳ್ಳಿಯಿಂದ ಅಜ್ಜಿ, ಅಂದರೆ ಅಪ್ಪನ ತಾಯಿ, ಬಂದಿದ್ದಳು. ಅವಳಿಗೆ ಕ್ರಿಸ್‌ಮಸ್ ನೋಡುವ ಆಸೆ. ವೀಸಾ ಮಾತ್ರ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ತಾಯಿಯ ಆಸೆ ಆಸೆಯಾಗಿಯೇ ಉಳಿಯಬಾರದೆಂದು ಮಗ ನಾವಿರುವ ಯೂನಿಯನ್ ಸಿಟಿಯ ಉರಿಬಿಸಿಲಿನಲ್ಲಿ ಮನೆಯೊಳಗೆ ಹಿಮ ಬೀಳಿಸಿದ. ಇಷ್ಟು ಹೊತ್ತಿಗೆ ಯಾರಾದರೊಬ್ಬ ಆಂಟಿಯ ಕಣ್ಣು ಒದ್ದೆಯಾಗಿರುತ್ತದೆ. "ಇಂಥ ಮಗ ಎಲ್ರಿಗೂ ಸಿಗಲ್ಲ ಬಿಡಿ" ಎಂದು ಇನ್ನೊಬ್ಬರು ತಮ್ಮ ಗಂಡನ ಕಡೆ ನೋಡುತ್ತಾರೆ. ಊಟ ನಮ್ಮ ಮನೆಯಲ್ಲೇ ಇದ್ದರೆ ನನ್ನ ತಮ್ಮ ಗುರುರಾಜ, ಶಾಲೆಯವರಿಗೆ ಗ್ಯಾರಿ, ಆಲ್ಬಮ್ ತಂದು ಫೋಟೋ ತೋರಿಸುತ್ತಾನೆ. ಪರದೆ ಎಳೆದ ಹಾಲು, ದೀಪದ ಸರ ಸುತ್ತಿದ ಪ್ಲಾಸ್ಟಿಕ್ ಮರ, ಸ್ವೆಟರು ಹಾಕಿಕೊಂಡ ಅಜ್ಜಿ.

ನಾನು ಹೈಸ್ಕೂಲಿನ ನಾಲ್ಕೂ ವರ್ಷ ಡಿಬೇಟ್ ಮಾಡಿದವಳು. ಎದುರು ಪಕ್ಷದವರ ಮಾತಿನಲ್ಲಿ ಸುಳ್ಳು ಹುಡುಕುವುದು ಸುಲಭ, ಬಿಟ್ಟ ಮಾತನ್ನು ಹುಡುಕುವುದು ಕಷ್ಟ ಎಂದು ಅಲ್ಲಿ ಕಲಿತೆ. ಅಪ್ಪನ ಕಥೆಯಲ್ಲಿ ಸುಳ್ಳು ಒಂದೂ ಇಲ್ಲ, ಅದೇ ನನ್ನ ತಕರಾರು. ವೀಸಾ ಸೆಪ್ಟೆಂಬರಿಗೆ ಮುಗಿಯುತ್ತಿದ್ದದ್ದು ನಿಜ. ಕೇಳಿಕೊಂಡರೆ ಇನ್ನಷ್ಟು ತಿಂಗಳು ಕೊಡುತ್ತಿದ್ದರು ಎಂಬುದೂ ನಿಜ. ನಮ್ಮ ಪರಿಚಯದವರಲ್ಲಿ ಬಾಣಂತನಕ್ಕೆಂದು ಬಂದ ತಾಯಂದಿರೆಲ್ಲ ಹಾಗೆ ಕೇಳಿಕೊಂಡೇ ಉಳಿದವರು, ಮತ್ತು ಹೇಗೆ ಕೇಳಬೇಕು ಎಂದು ಅವರ ಮಕ್ಕಳಿಗೆ ಹೇಳಿಕೊಟ್ಟವನು ಬೇರೆ ಯಾರೂ ಅಲ್ಲ, ಅಪ್ಪ. ಊರಿಗೆಲ್ಲ ಹೇಳಿಕೊಟ್ಟವನಿಗೆ ತನ್ನ ತಾಯಿಯ ಸರದಿ ಬಂದಾಗ ಯಾಕೆ ಮರೆತುಹೋಯಿತು? ಪಾಟ್‌ಲಕ್ಕಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಬಾಯಲ್ಲಿ ಮೊಸರನ್ನ ಇರುತ್ತದೆ.

ಅಜ್ಜಿ ಬಂದ ವರ್ಷ ನಾನು ಆರನೆಯ ಗ್ರೇಡು. ನಮ್ಮದು ಅಕ್ಕಪಕ್ಕದ ಮನೆಗಳಿಗೆ ಗೋಡೆ ಹಂಚಿಕೊಂಡ ಚಿಕ್ಕ ಮನೆ. ಕೆಳಗೆ ಹಾಲು, ಅಡಿಗೆಮನೆ, ಗರಾಜು, ಮೇಲೆ ಮಲಗುವ ಕೋಣೆಗಳು. ಅಪ್ಪ ಬಾರ್ಟ್ ರೈಲು ಹಿಡಿದು ಓಕ್ಲ್ಯಾಂಡಿಗೆ ಹೋಗುತ್ತಿದ್ದ, ಬಂದರಿನ ಕ್ರೇನುಗಳ ಇಂಜಿನಿಯರು. ಅಮ್ಮ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಳು. ಅಪ್ಪ ಹುಬ್ಬಳ್ಳಿಯವನು, ಅಮ್ಮ ಮೈಸೂರಿನವಳು. ಅವರ ಜಗಳದಲ್ಲಿ ಎರಡು ಕನ್ನಡ ಕೇಳುತ್ತಿತ್ತು. ಅಜ್ಜಿ ಬಂದ ಮರುದಿನವೇ ಅಡಿಗೆಮನೆ ಅವಳದಾಯಿತು. ಸ್ನಾನ ಮಾಡಿ ಮಡಿಯುಟ್ಟು ಒಲೆ ಹಚ್ಚಿದಳೆಂದರೆ ಅವಳ ಅಡಿಗೆ ಮುಗಿಯುವವರೆಗೆ ನಾವು ಹೊಸ್ತಿಲಾಚೆ. ಅದನ್ನು ಅಮ್ಮ ಸಹಿಸಿದಳು. ಸಹಿಸಲಾಗದ್ದು ತಿಂಗಳ ಮೂರು ದಿನ. ಆ ಮೂರು ದಿನ ಅಮ್ಮನಿಗೆ ಬೇರೆ ತಟ್ಟೆ, ಬೇರೆ ಲೋಟ, ಹಾಲಿನ ಮೂಲೆಯಲ್ಲಿ ಒಂದು ಕುರ್ಚಿ. ಫ್ರಿಜ್ಜು ಮುಟ್ಟುವ ಹಾಗಿಲ್ಲ, ಒಲೆ ಮುಟ್ಟುವ ಹಾಗಿಲ್ಲ. ಇಡೀ ದಿನ ಊರವರ ರಕ್ತ ಪರೀಕ್ಷೆ ಮಾಡಿ ಬಂದವಳು ತನ್ನ ಮನೆಯಲ್ಲಿ ನೀರಿಗಾಗಿ ಆರು ವರ್ಷದ ಗ್ಯಾರಿಯನ್ನು ಕೂಗಬೇಕಾಗಿತ್ತು.

"ಆ ಫ್ರಿಜ್ಜು ನನ್ನ ಸಂಬಳದ್ದು ರೀ. ಅದರಿಂದ ಹಾಲು ತೆಗೆಯೋಕೆ ನಾನು ಮಗನ್ನ ಕರೀಬೇಕಾ?"

"ಆರು ತಿಂಗಳ ಮಾತದ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

"ಅಡ್ಜಸ್ಟು ಅನ್ನೋ ಪದ ಈ ಮನೇಲಿ ನನಗೊಬ್ಬಳಿಗೇ ಅರ್ಥ ಆಗೋದಾ? ನೀವು ಹೋಗಿ ಒಂದು ಮಾತು ಹೇಳಿ ನಿಮ್ಮ ತಾಯಿಗೆ."

ಅಪ್ಪ ಹೇಳಲಿಲ್ಲ. ಟಿವಿಯ ಮುಂದೆ ಕೂತು ಕ್ರೇನಿನಷ್ಟೇ ಗಂಭೀರವಾಗಿ ಕತ್ತು ಆಡಿಸುತ್ತಿದ್ದ. ಅತ್ತ ಅಮ್ಮನಿಗೆ "ಆರು ತಿಂಗಳು", ಇತ್ತ ಅಜ್ಜಿಗೆ "ಆಕಿಗೆ ಕೆಲಸದ ಟೆನ್ಶನ್ನು ಅವ್ವಾ". ಇಬ್ಬರ ನಡುವೆ ನಿಂತು ಇಬ್ಬರಿಗೂ ಬೆನ್ನು ಹಾಕುವುದು ಒಂದು ವಿದ್ಯೆ. ಅದನ್ನು ನಾನು ಆರನೆಯ ಗ್ರೇಡಿನಲ್ಲೇ ಗುರುತಿಸಿದ್ದೆ, ಹೆಸರು ಮಾತ್ರ ಸಿಕ್ಕಿರಲಿಲ್ಲ.

ಇಂಥ ಅಜ್ಜಿ, ಜೂನ್ ಕಳೆಯುವಷ್ಟರಲ್ಲಿ, ಪಕ್ಕದ ಮನೆಯ ಗರಾಜಿನಲ್ಲಿ ಕೂರತೊಡಗಿದಳು. ಅಲ್ಲಿದ್ದವಳು ಲೂರ್ದೆಸ್, ಫಿಲಿಪೀನ್ಸಿನ ವಿಧವೆ, ಅಜ್ಜಿಯದೇ ವಯಸ್ಸು. ಬೇಸಗೆಯಿಡೀ ಗರಾಜಿನ ಬಾಗಿಲು ಮೇಲೆತ್ತಿ, ಬಿದಿರಿನ ಕಡ್ಡಿ ಕಟ್ಟಿ, ಬಣ್ಣದ ತೆಳುಕಾಗದ ಅಂಟಿಸಿ ನಕ್ಷತ್ರದ ದೀಪಗಳನ್ನು ಮಾಡುತ್ತಿದ್ದಳು. ಡಿಸೆಂಬರಿನಲ್ಲಿ ಚರ್ಚಿನವರೆಲ್ಲ ಅವಳಿಂದಲೇ ಕೊಳ್ಳುತ್ತಿದ್ದರಂತೆ. ಒಂದು ದಿನ ಅಜ್ಜಿ ರಸ್ತೆಯಲ್ಲಿ ನಿಂತು ನೋಡಿದಳು. ಇದು ಆಕಾಶಬುಟ್ಟಿ! ದೀಪಾವಳಿಗೆ ಹುಬ್ಬಳ್ಳಿಯಲ್ಲಿ ತಾನು ಮಾಡಿ ತೂಗುಹಾಕುವ ಆಕಾಶಬುಟ್ಟಿ. ಕಡ್ಡಿ ಕಟ್ಟುವ ಕ್ರಮ ತಪ್ಪಿದೆ ಎನ್ನಿಸಿರಬೇಕು, ಒಳಗೆ ಹೋಗಿ ಲೂರ್ದೆಸಳ ಕೈಯಿಂದ ದಾರ ಕಿತ್ತುಕೊಂಡಳು. ಸ್ನೇಹ ಹೀಗೆ ಶುರುವಾಯಿತು. ಅಜ್ಜಿಗೆ ಇಂಗ್ಲಿಷ್ ಬಾರದು, ಲೂರ್ದೆಸಳಿಗೆ ಕನ್ನಡ ಬಾರದು. ನಾನು ಶಾಲೆ ಇಲ್ಲದ ಮಧ್ಯಾಹ್ನಗಳಲ್ಲಿ ನಡುವೆ ಕೂತು ಎರಡನ್ನೂ ದಾಟಿಸುತ್ತಿದ್ದೆ. ಅಜ್ಜಿ ಅವಳನ್ನು ಲೂರ್ದವ್ವ ಮಾಡಿದಳು.

ಗರಾಜು ಕಾದ ಹೆಂಚಿನಂತಿರುತ್ತಿತ್ತು. ಇಷ್ಟು ಸೆಕೆಯಲ್ಲಿ ಕ್ರಿಸ್‌ಮಸ್ ಕೆಲಸ ಹೇಗೆ ಮಾಡುತ್ತೀರಿ, ಮನಸ್ಸು ಬರುತ್ತದಾ ಎಂದು ನಾನು ಪಟ್ಟುಹಿಡಿದು ಕೇಳಿದ್ದೆ. ಆ ವಯಸ್ಸಿಗಾಗಲೇ ನನಗೆ ಕ್ರಿಸ್‌ಮಸ್ ಎಂದರೆ ಅಂಗಡಿಯವರ ಹುನ್ನಾರ ಎಂಬ ಅಭಿಪ್ರಾಯವಿತ್ತು. ಲೂರ್ದೆಸ್ ಅಂಟು ಮೆತ್ತಿದ ಬೆರಳಿನಿಂದಲೇ ಹಣೆ ಒರೆಸಿಕೊಂಡು ಹೇಳಿದಳು, ತಮ್ಮೂರಿನಲ್ಲಿ ಡಿಸೆಂಬರಿನಲ್ಲೂ ಬೆವರೇ. ಬೆನ್ನಿಗೆ ಅಂಗಿ ಅಂಟದಿದ್ದರೆ ಹಬ್ಬ ಬಂತು ಅಂತ ಗೊತ್ತಾಗುವುದಾದರೂ ಹೇಗೆ? ಹಿಮದ ಮಾತೆತ್ತಿದರೆ ನಕ್ಕುಬಿಡುತ್ತಿದ್ದಳು. ಈಗ ತಾನೇ ಹುಟ್ಟಿದ ಕೂಸಿಗೆ ಹಿಮ ಬೀಳಲಿ ಅಂತ ಯಾವ ತಾಯಿ ಹಾರೈಸುತ್ತಾಳೆ? ಹಬ್ಬಕ್ಕೆ ಮುಂಚಿನ ಒಂಬತ್ತು ದಿನ, ಬೆಳಕು ಹರಿಯುವ ಮೊದಲೇ ಎದ್ದು ಚರ್ಚಿಗೆ ಹೋಗುವುದು ಅವರ ಪದ್ಧತಿ. ಮುಗಿಸಿ ಬಂದು ಅಕ್ಕಿಯ ಹಿಟ್ಟಿನ ಬಿಳಿ ಕಡುಬು ತಿನ್ನುವುದು. ಇದನ್ನು ನಾನು ಕನ್ನಡಕ್ಕೆ ತಂದಾಗ ಅಜ್ಜಿಯ ಕೈಯಲ್ಲಿದ್ದ ಕಡ್ಡಿ ಅಲ್ಲೇ ನಿಂತಿತು.

"ಯಾವ ತಿಂಗಳಂದಿ? ಡಿಸೆಂಬರು? ಅಯ್ಯ, ಅದು ನಮ್ಮ ಧನುರ್ಮಾಸಲೇ! ನಾವೂ ಚುಕ್ಕಿ ಇರೋ ಹೊತ್ತಿನ್ಯಾಗ ಎದ್ದು ಪೂಜಿ ಮಾಡಿ ಹುಗ್ಗಿ ತೋರಸ್ತೀವಿ ದೇವರಿಗೆ. ಹೇಳವಾ ಆಕಿಗೆ. ಒಬ್ಬಾಕಿನ ಏಳತಾಳೇನು ಆಕಿ?"

ಒಬ್ಬಳೇ ಏಳುತ್ತಾಳೆ, ಮಗ ನೌಕಾದಳದಲ್ಲಿ ದೂರ ಇದ್ದಾನೆ ಎಂದು ಹೇಳಿದೆ.

"ಹಂಗಾದ್ರ ಈ ಸಲ ಇಬ್ಬರೂ ಏಳೂಣು. ಆಕಿ ತನ್ನ ದೇವರ ಕಡೆ ಹೋಗ್ಲಿ, ನಾ ನನ್ನ ದೇವರ ಮುಂದ ಕೂಡ್ರತೀನಿ. ಬಂದಮ್ಯಾಲೆ ಆಕಿ ಕಡಬು ಆಕಿಗೆ, ನನ್ನ ಹುಗ್ಗಿ ನನಗ. ಚಾ ಒಟ್ಟಿಗೆ ಕುಡದ್ರ ಯಾವ ಶಾಸ್ತ್ರ ಬ್ಯಾಡ ಅಂತದ?"

ಅಮ್ಮನ ಹೊಟ್ಟೆ ಉರಿದದ್ದು ಇಲ್ಲಿ. ನ್ಯಾಯವಾಗಿಯೇ ಉರಿಯಿತು. "ಅವಳ ಮನೆ ಒಲೆ ಮೈಲಿಗೆ ಆಗಲ್ಲ, ನಾನು ಆಗ್ತೀನಿ" ಎಂದು ಅವಳು ಪಾತ್ರೆ ಕುಕ್ಕಿದಳು. ಅಜ್ಜಿಯ ಶಾಸ್ತ್ರ ಗರಾಜಿಗೊಂದು, ಮನೆಗೊಂದು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಮಾತು ನನಗೆ ಕೇಳಿಸಿತ್ತು, ಅಮ್ಮನಿಗೆ ಕೇಳಿಸಿರಲಿಲ್ಲ. ಹುಬ್ಬಳ್ಳಿಯಲ್ಲಿ ದೊಡ್ಡಪ್ಪನ ತುಂಬಿದ ಮನೆಯಲ್ಲಿ ಅಜ್ಜಿಗೆ ಏನೂ ಕೊರತೆ ಇರಲಿಲ್ಲ. ಒಂದು ದಿನ ಕಾಗದ ಅಂಟಿಸುತ್ತಾ, ನನ್ನ ಕಡೆ ನೋಡದೆ, "ಹುಟ್ಟಿದಾಗಿಂದ ನನಗ ಬೀಗರು ಅದಾರ, ನೆಂಟರು ಅದಾರ, ನಾ ಆರಿಸಿಕೊಂಡ ಗೆಳತಿ ಅಂದ್ರ ಇಕಿ ಒಬ್ಬಾಕಿನ" ಅಂದಿದ್ದಳು. ಅದನ್ನು ಲೂರ್ದೆಸಳಿಗೆ ದಾಟಿಸು ಎಂದು ಹೇಳಲಿಲ್ಲ. ನಾನೂ ದಾಟಿಸಲಿಲ್ಲ.

ಜುಲೈಯ ಒಂದು ಸಂಜೆ ಊಟಕ್ಕೆ ಕೂತಾಗ ಅಜ್ಜಿ ಅಪ್ಪನನ್ನು ಕೇಳಿದಳು. ಅವಳು ಮಗನ ಬಳಿ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ರಾಘು, ಡಿಸೆಂಬರ್ ತನಕ ಇರ್ತೀನೋ. ಲೂರ್ದವ್ವನ ಕ್ರಿಸ್‌ಮಸ್ ಮುಗಿಸಿಕೊಂಡು ಹೋಗ್ತೀನಿ."

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ತನ್ನ ತಟ್ಟೆ ನೋಡಿದಳು.

"ನೋಡೂಣವಾ" ಅಂದ ಅಪ್ಪ. ನಮ್ಮ ಮನೆಯಲ್ಲಿ ಈ ಶಬ್ದದ ಅರ್ಥ ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತೆಂದು ಕಾಣುತ್ತದೆ, ಸಾರು ಕಲಸಿದವಳು ಎಷ್ಟೋ ಹೊತ್ತು ಹಾಗೇ ಬೆರಳಾಡಿಸುತ್ತ ಕೂತಳು.

ಮುಂದಿನದೆಲ್ಲ ಅಪ್ಪನ ಪ್ರತಿಭೆ. ಅಜ್ಜಿ ಇರುತ್ತೇನೆ ಅಂದದ್ದು ಯಾವುದಕ್ಕೆ? ಕ್ರಿಸ್‌ಮಸ್ಸಿಗೆ. ಕ್ರಿಸ್‌ಮಸ್ಸನ್ನೇ ಆಗಸ್ಟಿಗೆ ಎಳೆದು ತಂದರೆ? ಇರುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ, ಯಾರಿಗೂ ಹೂಂ ಅನ್ನಬೇಕಾಗಿಲ್ಲ. ಆಗಸ್ಟಿನ ಒಂದು ವಾರ ಕೊಲ್ಲಿಯಿಂದ ಬೀಸುವ ತಂಪು ಗಾಳಿ ಪೂರ್ತಿ ನಿಂತುಹೋಗಿತ್ತು. ಮೇಲಿನ ಕೋಣೆಗಳಲ್ಲಿ ಮಲಗಲಾಗದೆ ನಾವೆಲ್ಲ ಹಾಲಿನಲ್ಲಿ ಚಾಪೆ ಹಾಸುತ್ತಿದ್ದೆವು. ಅದೇ ವಾರದ ಶನಿವಾರ ಅಪ್ಪ ಗರಾಜಿನ ಅಟ್ಟದಿಂದ ಪ್ಲಾಸ್ಟಿಕ್ ಮರ ಇಳಿಸಿದ. ಗ್ಯಾರಿ ಹಿಂದಿನ ವರ್ಷ ಅತ್ತು ಕೊಡಿಸಿಕೊಂಡಿದ್ದ ಮರ.

"ಅಪ್ಪಾ, ಇಲ್ಲಿ ಡಿಸೆಂಬರಲ್ಲೇ ಹಿಮ ಬೀಳಲ್ಲ. ಆಗಸ್ಟಲ್ಲಿ ಯಾಕೆ ಬೀಳಬೇಕು?"

"ಕ್ರಿಸ್‌ಮಸ್ ಅಂದಮ್ಯಾಲೆ ಸ್ನೋ ಇರಬೇಕವಾ ಸುಧಾ. ಗ್ರೀಟಿಂಗ್ ಕಾರ್ಡಿನ್ಯಾಗ ನೋಡಿಲ್ಲೇನು?"

"ಅಜ್ಜಿ ಸ್ನೋ ಕೇಳಲಿಲ್ಲ. ಮರ ಕೇಳಲಿಲ್ಲ. ಬೆಳಗಿನ ಜಾವ ಲೂರ್ದೆಸ್ ಜೊತೆ ಏಳಬೇಕು ಅಂದ್ಲು. ಅದನ್ನ ಆಗಸ್ಟಲ್ಲಿ ಹೇಗೆ ಮಾಡ್ತೀಯ?"

"ನಿನಗ ಭಾಳ ತಿಳೀತದ. ಆ ಲೈಟಿನ ಸರ ಬಿಡಿಸು ಮೊದಲ."

ವಿಷಯ ಬದಲಿಸಿದವನು ಸೋತ ಹಾಗೆ ಎಂದು ಡಿಬೇಟಿನಲ್ಲಿ ಅಂಕ ಕಳೆಯುತ್ತಾರೆ. ಮನೆಯಲ್ಲಿ ಯಾರು ಕಳೆಯಬೇಕು? ಹಿಮಕ್ಕೆ ಬೇಕಾದ ಹತ್ತಿ ಮನೆಯಲ್ಲೆಲ್ಲೂ ಸಿಗದೆ ಅಪ್ಪ ದೇವರ ಗೂಡಿಗೆ ಕೈಹಾಕಿದ. ಶ್ರಾವಣದ ಶುಕ್ರವಾರಗಳಿಗೆ ಹೂಬತ್ತಿ ಮಾಡಲೆಂದು ಅಜ್ಜಿ ಹುಬ್ಬಳ್ಳಿಯಿಂದ ತಂದಿಟ್ಟುಕೊಂಡಿದ್ದ ಅರಳೆಯ ಸುರುಳಿ ಅಲ್ಲಿತ್ತು. ಅದನ್ನು ಬಿಡಿಸಿ ಬಿಡಿಸಿ ಕೊಂಬೆಗಳ ಮೇಲೆ ಹರಡಿದ. ಬಿಸಿಲು ಫೋಟೋದಲ್ಲಿ ಬರಬಾರದೆಂದು ಪರದೆ ಎಳೆದ. ಗ್ಯಾರಿಗೆ, ನನಗೆ, ಅಜ್ಜಿಗೆ ಸ್ವೆಟರು ಹಾಕಿಸಿದ. ಅಮ್ಮನಿಗೆ ಅವತ್ತು ಆ ಮೂರು ದಿನಗಳ ಎರಡನೆಯ ದಿನ. ಆಲ್ಬಮ್ಮಿನ ಫೋಟೋದಲ್ಲಿ ಅವಳು ಎಲ್ಲರಿಂದ ಒಂದು ಮಾರು ದೂರ, ತನ್ನ ಕುರ್ಚಿಯ ಪಕ್ಕ ನಿಂತಿದ್ದಾಳೆ. ನೋಡಿದವರು ಕ್ಯಾಮೆರಾ ಹಿಡಿದವರಿಗೆ ಅಳತೆ ತಪ್ಪಿದೆ ಅಂದುಕೊಳ್ಳುತ್ತಾರೆ.

ಲೂರ್ದೆಸಳನ್ನು ಅಪ್ಪನೇ ಕರೆದಿದ್ದ. ಅವಳು ಬಾಗಿಲಲ್ಲೇ ನಿಂತು ಮರ ನೋಡಿದಳು, ಹತ್ತಿ ನೋಡಿದಳು, ಸ್ವೆಟರಿನೊಳಗೆ ಕೆಂಪಾಗಿ ಉಬ್ಬಿದ ಅಜ್ಜಿಯ ಮುಖ ನೋಡಿದಳು. ಇದೇನು ಅವಸರ, ಎಲ್ಲರಿಗಿಂತ ಮೊದಲು ಕ್ರಿಸ್‌ಮಸ್ ಶುರುಮಾಡುವ ನಾವೇ ಸೆಪ್ಟೆಂಬರಿಗಿಂತ ಮುಂಚೆ ಮರದ ಹೆಸರೆತ್ತುವುದಿಲ್ಲವಲ್ಲ ಎಂದು ನನ್ನ ಕಿವಿಯಲ್ಲಿ ಅಂದಳು. ಗ್ಯಾರಿ ಇಂಗ್ಲಿಷಿನಲ್ಲಿ ಹಾಡು ಹೇಳಿದ. ಮರದ ಕೆಳಗೆ ಕೆಂಪು ಕಾಗದ ಸುತ್ತಿದ ಒಂದೇ ಒಂದು ದೊಡ್ಡ ಉಡುಗೊರೆ ಇತ್ತು. ಅಜ್ಜಿಗೆ. ಅವಳು ಕಾಗದ ಹರಿಯದಂತೆ, ಅಂಟನ್ನು ಉಗುರಿನಿಂದ ಬಿಡಿಸಿ, ಮಡಿಸಿ ಪಕ್ಕಕ್ಕಿಟ್ಟು, ಆಮೇಲೆ ಒಳಗಿದ್ದದ್ದನ್ನು ನೋಡಿದಳು.

"ಏನೋ ಇದು? ಪೆಟ್ಟಿಗಿ?"

"ಸೂಟ್‌ಕೇಸ್ ಅವ್ವಾ. ಕೆಳಗ ಗಾಲಿ ಅವ ನೋಡು. ಎತ್ತೋ ತ್ರಾಸಿಲ್ಲ, ಎಳಕೊಂಡು ಹೋಗಬಹುದು."

"ಗಾಲಿ ಬ್ಯಾರೆ ಅವ. ತಾನ ಓಡ್ತದೇನು ಏರ್‌ಪೋರ್ಟಿಗೆ?"

ಅಪ್ಪ ನಕ್ಕ. ಜೋಕು ಎಂದುಕೊಂಡನೋ, ಜೋಕು ಎಂದುಕೊಳ್ಳಲು ತೀರ್ಮಾನಿಸಿದನೋ. ಚಪ್ಪಾಳೆ ತಟ್ಟಲು ಕೈಯೆತ್ತಿದ್ದ ಲೂರ್ದೆಸ್ ಕೈ ಇಳಿಸಿದಳು. ಅವಳಿಗೆ ನಾನು ಏನನ್ನೂ ದಾಟಿಸಬೇಕಾಗಲಿಲ್ಲ.

"ಕ್ರಿಸ್‌ಮಸ್ ನೋಡಬೇಕು ಅಂದಿದ್ದಿ" ಅಂದ ಅಪ್ಪ. "ನೋಡಿದಿ. ಇನ್ನ ಸಮಾಧಾನದಿಂದ ಊರಿಗೆ ಹೋಗಬಹುದು."

ಅಜ್ಜಿ ಸ್ವೆಟರಿನ ಗುಂಡಿ ಒಂದೊಂದಾಗಿ ಬಿಚ್ಚಿದಳು. ಒಳಗಿನ ಕುಪ್ಪಸ ಬೆವರಿನಲ್ಲಿ ತೋಯ್ದಿತ್ತು.

"ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದ್ರಂತ. ಬರೇ ಗಾದಿಮಾತು ಅಂತ ತಿಳಕೊಂಡಿದ್ದೆ ರಾಘು, ನೀ ಖರೇನ ಹೊಲಿಸಿದಿ. ಇಕಿ ದೇವರು ಹುಟ್ಟೂದು ಧನುರ್ಮಾಸದಾಗ. ಇನ್ನೂ ಹುಟ್ಟದ ಕೂಸಿನ ತೊಟ್ಟಲಾ ತೂಗಿ, ಆತು ನಡಿ ಅಂದ್ರ, ಯಾರ ಹಬ್ಬ ಮಾಡಿಧಂಗಾತೋ ಇದು? ಶ್ರಾವಣದಾಗ ಶ್ರಾವಣ ಮಾಡಬೇಕು. ನನ್ನ ಅರಳಿ ಕೊಡು ಇಲ್ಲೆ."

ಎದ್ದು ಮರದ ಬಳಿ ಹೋಗಿ, ಕೊಂಬೆಯಿಂದ ಕೊಂಬೆಗೆ ಹಿಮವನ್ನೆಲ್ಲ ಬಿಡಿಸಿ ಸೆರಗಿನಲ್ಲಿ ತುಂಬಿಕೊಂಡಳು. ನಾನು ಎಷ್ಟೋ ಊರಿನ ಟೂರ್ನಮೆಂಟುಗಳಲ್ಲಿ ಎಷ್ಟೋ ಜನರ ವಾದ ಕೇಳಿದ್ದೇನೆ. ಆ ಮಟ್ಟದ ಖಂಡನೆ ಆಮೇಲೆ ಕೇಳಲಿಲ್ಲ. ಆದರೆ ವಾದ ಗೆದ್ದದ್ದರಿಂದ ಟಿಕೆಟ್ಟಿನ ತಾರೀಕು ಬದಲಾಗಲಿಲ್ಲ. ಪಾಟ್‌ಲಕ್ಕಿನ ಕಥೆ ಹಾಡು, ಉಡುಗೊರೆಗಳ ಹತ್ತಿರ ನಿಲ್ಲುತ್ತದೆ. ಸೂಟ್‌ಕೇಸನ್ನು ಅದರಲ್ಲಿ "ಅವ್ವನಿಗೆ ಒಂದು ಗಿಫ್ಟು" ಎನ್ನಲಾಗುತ್ತದೆ.

ಸೆಪ್ಟೆಂಬರಿನ ಮೊದಲ ವಾರ ಏರ್‌ಪೋರ್ಟಿನಲ್ಲಿ ಅಜ್ಜಿ ಗ್ಯಾರಿಯ ತಲೆ ನೇವರಿಸಿದಳು. ನನ್ನ ಕೆನ್ನೆ ಹಿಂಡಿ "ಬಾಯಿ ಕಡಿಮಿ ಮಾಡಬ್ಯಾಡ" ಅಂದಳು. ಅಪ್ಪನ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು. ಅಮ್ಮ ಬಗ್ಗಿ ನಮಸ್ಕಾರ ಮಾಡಿದಾಗ ಮಾತ್ರ ಬೇರೆ ಕಡೆ ನೋಡುತ್ತ ನಿಂತಳು. ಆಶೀರ್ವಾದ ಮಾಡಲಿಲ್ಲ. ಅಮ್ಮ ಬಗ್ಗಿದಲ್ಲೇ ಸ್ವಲ್ಪ ಹೊತ್ತು ಕಾದು, ತಾನಾಗಿಯೇ ಎದ್ದಳು. ಡಿಸೆಂಬರಿನಲ್ಲಿ ಲೂರ್ದೆಸ್ ಒಂಬತ್ತೂ ದಿನ ಕತ್ತಲಲ್ಲಿ ಒಬ್ಬಳೇ ಕಾರು ತೆಗೆದುಕೊಂಡು ಹೋದಳು. ಎಂಜಿನ್ನಿನ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಅಜ್ಜಿ ಮತ್ತೆ ಬರಲಿಲ್ಲ. ಹೋದ ವರ್ಷ ಹುಬ್ಬಳ್ಳಿಯಲ್ಲಿ ತೀರಿಕೊಂಡಳು.

ಇಷ್ಟು ವರ್ಷ ಈ ವಾದದಲ್ಲಿ ನಾನು ಅಮ್ಮನನ್ನು ಅಪ್ಪನ ಪಕ್ಕದಲ್ಲೇ ಕೂರಿಸಿದ್ದೆ. ಕಳಿಸಿದವನು ಅವನು, ಕಳಿಸಲು ಹೇಳಿದವಳು ಇವಳು. ಅಜ್ಜಿಗೂ ಅದು ಗೊತ್ತಿತ್ತು, ಅದಕ್ಕೇ ಮುಖ ತಿರುಗಿಸಿದಳು. ಎಲ್ಲ ಸರಿಯಾಗಿ ಕೂಡಿಕೊಳ್ಳುತ್ತಿತ್ತು. ಕಾಲೇಜಿನಿಂದ ಮನೆಗೆ ಬಂದಿದ್ದ ಹೋದ ಭಾನುವಾರ, ನಮ್ಮ ಮನೆಯ ಪಾಟ್‌ಲಕ್ಕಿನಲ್ಲಿ ಅಪ್ಪ ಮತ್ತೆ ಕಥೆ ಹೇಳಿದ. ಅಜ್ಜಿ ಸತ್ತಮೇಲೆ ಕಥೆ ಇನ್ನೂ ಚೆನ್ನಾಗಿದೆ. ಎಲ್ಲರೂ ಹೋದಮೇಲೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ.

"ಅಷ್ಟು ಹೊತ್ತು ಹಲ್ಲು ಕಡೀತಾ ಕೂತಿದ್ದೆಯಲ್ಲ" ಅಂದಳು. "ನಿನ್ನ ಲೆಕ್ಕದಲ್ಲಿ ನಾನು ಯಾವ ಕಡೆ?"

"ಕಳಿಸಿದವರ ಕಡೆ."

ಅವಳು ನಲ್ಲಿ ನಿಲ್ಲಿಸಿದಳು.

"ನಾನು ಫ್ರಿಜ್ಜು ಕೇಳಿದೆ ಕಣೆ. ಒಲೆ ಕೇಳಿದೆ. ಅತ್ತೆನ ಕಳಿಸಿ ಅಂತ ಯಾವತ್ತೂ ಕೇಳಲಿಲ್ಲ. ಡಿಸೆಂಬರ್ ತನಕ ಅಲ್ಲ, ಇನ್ನೊಂದು ವರ್ಷ ಬೇಕಾದ್ರೂ ಇರ್ಲಿ, ಆ ಮೂರು ದಿನ ನನ್ನ ಅಡಿಗೆಮನೆಗೆ ನನ್ನ ಬಿಡಿ, ಅಷ್ಟು ಹೇಳಿ ಅವರಿಗೆ ಅಂದೆ. ನಿಮ್ಮಪ್ಪ ಮಾರನೇ ದಿನ ಟಿಕೆಟ್ ಕನ್‌ಫರ್ಮ್ ಮಾಡಿಸ್ಕೊಂಡು ಬಂದ್ರು."

"ಮತ್ತೆ ಅಜ್ಜಿ ಏರ್‌ಪೋರ್ಟಲ್ಲಿ ನಿನ್ನ ಮೇಲೆ ಯಾಕೆ ಸಿಟ್ಟು ಮಾಡ್ಕೊಂಡ್ಲು?"

"ಅದನ್ನ ನಾನು ಎಷ್ಟು ವರ್ಷದಿಂದ ಯೋಚಿಸ್ತಿದೀನಿ ಗೊತ್ತಾ?" ಅಂದಳು ಅಮ್ಮ, ಮತ್ತೆ ನಲ್ಲಿ ತಿರುಗಿಸಿದಳು.

ಅಪ್ಪ ಹಾಲಿನಲ್ಲಿ ಆಲ್ಬಮ್ ಎತ್ತಿಡುತ್ತಿದ್ದ. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ಹೋಗಿ ಅವನ ಎದುರು ನಿಂತೆ. ಅಜ್ಜಿ ಇರುತ್ತೇನೆ ಅಂದಳು. ಅಮ್ಮ ಇರಲಿ ಅಂದಳು. ಎರಡು ಹೂಂಗಳ ನಡುವೆ ಒಂದು ಬೇಡ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ಅದು ಗೊತ್ತೇ ಇತ್ತು. ಅವನು ಆಲ್ಬಮ್ಮಿನಿಂದ ತಲೆ ಎತ್ತಲಿಲ್ಲ. ಬೇರೆ ಪ್ರಶ್ನೆ ಕೇಳಿದೆ. ಅವತ್ತು ಕೇಳಿದ್ದನ್ನೇ ಇಲ್ಲಿ ಬರೆದೂ ಕೇಳುತ್ತಿದ್ದೇನೆ, ಅವನಿಗೆ ಕನ್ನಡ ಓದಲು ಬರುತ್ತದೆ.

"ಅಪ್ಪಾ, ನಾ ಯಾಕ ಹೋಗಬೇಕು ಅಂತ ಅಜ್ಜಿ ನಿನ್ನ ಕೇಳಿದಾಗ, ನೀನು ಯಾರ ಹೆಸರು ಹೇಳಿದೆ?"